ಯಾತ್ರೆಯೂ ಬಿಡುವೂ



ಅಲಂಕಾರಶಾಸ್ತ್ರದಲ್ಲಿ ‘ಪ್ರವಾಸ’ವೆಂಬುದು ವಿಪ್ರಲಂಭಶೃಂಗಾರದ ಒಂದು ಭೇದ. ಮನೆ ಬಿಟ್ಟು ಹೋದವನು ತಿರುಗಿ ಬರುವನೋ ಇಲ್ಲವೋ ಎಂಬ ಕಳವಳವೇ ಆ ಶಬ್ದದ ಪ್ರಾಣವಾಗಿತ್ತು. ಇಂದು ಅದೇ ಶಬ್ದವು ಉಲ್ಲಾಸಕ್ಕೆ ಹೆಸರಾಗಿದೆ. ಹರಿಹರದಲ್ಲಿ 1868ರಲ್ಲಿ ತುಂಗಭದ್ರೆಗೆ ಸೇತುವೆಯಾಗುವುದಕ್ಕೆ ಮುಂಚೆ, ತುಂಬಿದ ಹೊಳೆಯ ದಡದಲ್ಲಿ ಹರಿಗೋಲಿಗೆ ಕಾದು ಕುಳಿತವರಿಗೆ ಈ ಅರ್ಥಾಂತರವನ್ನು ತಿಳಿಸಿದ್ದರೆ ನಕ್ಕುಬಿಡುತ್ತಿದ್ದರು.

ಹಾಗೆಂದು ಹಿರಿಯರು ತಿರುಗಾಟವನ್ನು ದ್ವೇಷಿಸಿದವರಲ್ಲ. ಜಂಗಮವೆಂಬ ಮಾತಿಗೇ ಚಲಿಸುವುದೆಂದು ಅರ್ಥ. ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿದವನು ದೇವರನ್ನರಸಿ ಕ್ಷೇತ್ರಗಳಿಗೆ ಅಲೆಯಬೇಕಾದುದಿಲ್ಲ. ಆದರೂ ಹನ್ನೆರಡನೆಯ ಶತಮಾನದಲ್ಲಿ ಶರಣರು ದೂರದೂರದಿಂದ ಕಲ್ಯಾಣಕ್ಕೆ ಬಂದರು. ಅವರು ಬಂದುದು ಊರನ್ನು ನೋಡುವುದಕ್ಕಲ್ಲ, ಒಬ್ಬರನ್ನೊಬ್ಬರು ನೋಡುವುದಕ್ಕೆ.

ಒಕ್ಕಲುಮಕ್ಕಳ ತಿರುಗಾಟಕ್ಕೆ ಒಂದು ಕಾಲವಿತ್ತು. ‘ಜಾತ್ರೆ’ಯು ‘ಯಾತ್ರೆ’ಯ ತದ್ಭವವಷ್ಟೆ. ಜೋಳ ಒಕ್ಕಿ, ಕಣ ತೆರವಾಗಿ, ಮುಂಗಾರಿಗೆ ಇನ್ನೂ ಅವಧಿಯಿರುವಾಗ, ಅಂದರೆ ಮಾಘದಿಂದ ಯುಗಾದಿಯವರೆಗೆ, ಊರೂರಿನ ಜಾತ್ರೆಗಳೂ, ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುವ ಯಾತ್ರೆಯೂ ಬರುತ್ತಿದ್ದುವು. ಎತ್ತಿಗೂ ಆಳಿಗೂ ಒಡೆಯನಿಗೂ ಒಂದೇ ಸಲ ಬಿಡುವು, ಕಾಯಕಕ್ಕೆ ಕುಂದಿಲ್ಲ. ಭದ್ರಾ ನಾಲೆಯ ನೀರು ದಾವಣಗೆರೆ ಸೀಮೆಗೆ ಹರಿದ ಮೇಲೆ ಬೇಸಗೆಯ ಭತ್ತವು ಬಂದಿತು. ಜಾತ್ರೆಯ ತಿಂಗಳೇ ನಾಟಿಯ, ಕಳೆಯ ತಿಂಗಳಾಯಿತು. ಅನ್ನ ಹೆಚ್ಚಿದುದು ನಿಜ. ಊರಿಗೆ ಊರೇ ಕೂಡಿ ಪಡೆಯುತ್ತಿದ್ದ ಬಿಡುವು ಮಾತ್ರ ಕರಗಿತು. 1950ರಲ್ಲಿ ಸಿರಿಗೆರೆಯ ಮಠವು ಪ್ರಾರಂಭಿಸಿದ ತರಳಬಾಳು ಹುಣ್ಣಿಮೆಯು ಒಂದೊಂದು ವರ್ಷ ಒಂದೊಂದು ಊರಿನಲ್ಲಿ ಜರುಗುತ್ತ ಬಂದಿದೆ. ಅಲ್ಲಿ ಉತ್ಸವವೇ ಜಂಗಮವಾಗಿದೆ.

ಎಂ.ಸಿ.ಸಿ. ಬಡಾವಣೆಯಂತಹ ಕಡೆ ವಾಸಿಸುವ ನೌಕರರ, ವ್ಯಾಪಾರಿಗಳ ಮನೆಗಳಿಗೆ ಬಿಡುವು ಈಗ ಮಕ್ಕಳ ಶಾಲೆಯ ರಜೆಯೊಡನೆ ಬರುತ್ತದೆ, ಮನೆಮನೆಗೆ ಬೇರೆಯಾಗಿ. ಸಮುದ್ರವನ್ನೋ ಬೆಟ್ಟವನ್ನೋ ನೋಡಿ ಬರುವುದು ಕಾಯಕದ್ರೋಹವೆಂದು ಗದರುವ ಹಿರಿಯರುಂಟು. ಆ ಗದರಿಕೆ ಸಲ್ಲದು. ಹೊಲದವನಿಗೆ ಋತುವೇ ಬಿಡುವು ಕೊಡುತ್ತಿತ್ತು. ಪಟ್ಟಣದವನು ಅದನ್ನು ಕೇಳಿ ಪಡೆಯಬೇಕು.

ವಿಚಾರಿಸಬೇಕಾದುದು ಬೇರೊಂದುಂಟು. ಒಲೆ, ಅಕ್ಕಿ, ಪಾತ್ರೆಗಳನ್ನು ವಾಹನದಲ್ಲಿ ಹೇರಿಕೊಂಡು ಸಂಸಾರವು ಹೊರಟರೆ ಅದು ಯಜಮಾನನಿಗೆ ಪ್ರವಾಸ. ಯಜಮಾನಿತಿಗೆ ಅಡಿಗೆಮನೆಯ ಸ್ಥಳಾಂತರ. ಇದು ಇಂದಿನ ದೋಷವೆಂದು ತಿಳಿಯಬಾರದು. ಹಳೆಯ ಯಾತ್ರೆಗಳಲ್ಲಿಯೂ ಹೊರಡುವ ಮುನ್ನ ಜೋಳದ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ಬುತ್ತಿ ಕಟ್ಟಿದವರು ಹೆಂಗಸರು; ತಂಗಿದಲ್ಲಿ ಕಲ್ಲು ಹೂಡಿ ಒಲೆ ಹೊತ್ತಿಸಿದವರೂ ಅವರೇ. ಗಂಡಸರು ಮರದ ನೆರಳಿನಲ್ಲಿ ಒರಗಿ ಮಾರ್ಗಾಯಾಸವನ್ನು ವರ್ಣಿಸುತ್ತಿದ್ದರು. ದಾರಿಯಲ್ಲಿ ದಾಸೋಹವುಳ್ಳ ಮಠವೊಂದು ಸಿಕ್ಕಿದಾಗ ಮಾತ್ರ ಆ ತಾಯಂದಿರು ಪಂಕ್ತಿಯಲ್ಲಿ ಕುಳಿತು, ಇನ್ನೊಬ್ಬರು ಬಡಿಸಿದ ಪ್ರಸಾದವನ್ನು ಬಿಸಿಯಾಗಿ ಉಣ್ಣುತ್ತಿದ್ದರು.