ಅಧ್ಯಾಪಕರಾಗಲಿರುವ ನಮ್ಮ ಮಕ್ಕಳನ್ನು ಕುರಿತು

(ಶತಮಾನೋತ್ಸವದ ಶಿಕ್ಷಣ ದಿನದಂದು ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಈ ದೇವಾಲಯದ ನೂರು ವರ್ಷಗಳ ಚರಿತ್ರೆಯನ್ನು ನಮಗಿಂತ ಚೆನ್ನಾಗಿ ಬಲ್ಲ ಹಿರಿಯರು ಈ ವೇದಿಕೆಯ ಮೇಲಿದ್ದಾರೆ. ನಾವು ಆಯ್ದುಕೊಂಡ ವಿಷಯ ಚಿಕ್ಕದು. ಕಳೆದ ಮೇ ತಿಂಗಳಲ್ಲಿ ತಂದೆಯೊಬ್ಬರು ಮಗಳೊಡನೆ ಗುರುನಿವಾಸಕ್ಕೆ ಬಂದು, "ಸ್ವಾಮಿ, ಇವಳ ಬಿ.ಎಸ್ಸಿ. ಮುಗಿಯಿತು. ಬಿ.ಎಡ್.ಗೆ ಕಳುಹಿಸಲೇ, ಬೇಡವೇ?" ಎಂದು ಕೇಳಿದರು. ಅಂದು ನಾವು ಸರಿಯಾದ ಉತ್ತರ ಕೊಡಲಿಲ್ಲ.

"ಯಾವ ತರಗತಿಗೆ ಕಲಿಸಲು ಬಯಸುವೆ, ಮಗಳೇ?" ಎಂದು ನಾವು ಕೇಳಿದ್ದಕ್ಕೆ ಆಕೆ, "ಚಿಕ್ಕ ಮಕ್ಕಳಿಗೆ" ಎಂದಳು. ತೊಡಕಿರುವುದು ಇಲ್ಲಿಯೇ. ಬಿ.ಎಡ್. ಪದವೀಧರರೂ ಒಂದರಿಂದ ಐದನೆಯ ತರಗತಿಗಳಿಗೆ ಕಲಿಸಬಹುದೆಂದು 2018ರಲ್ಲಿ ಅಧಿಸೂಚನೆ ಹೊರಟಿತ್ತು. 2023ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದು ಸಲ್ಲದೆಂದು ತೀರ್ಪಿತ್ತಿತು. ಆ ತರಗತಿಗಳಿಗೆ ಬೇಕಾದುದು ಪಿ.ಯು.ಸಿ.ಯ ನಂತರದ ಎರಡು ವರ್ಷಗಳ ಡಿ.ಎಲ್.ಎಡ್. ತರಬೇತಿ. ತೀರ್ಪು ಕಠಿಣವೆಂದು ಅನೇಕರು ದೂರಿದರು. ನಮಗೆ ಹಾಗೆ ತೋರುವುದಿಲ್ಲ. ಅಕ್ಷರ ತಿದ್ದಿಸುವುದು ಬೀಜಗಣಿತ ಹೇಳಿಕೊಡುವುದಕ್ಕಿಂತ ಸುಲಭವೆಂಬುದು ಎಂದೂ ಪಾಠ ಮಾಡದವರ ಕಲ್ಪನೆ. ಆದರೆ ಸಾಲ ಮಾಡಿ ಶುಲ್ಕ ಕಟ್ಟುವ ಮುನ್ನವೇ ತಂದೆತಾಯಿಗಳಿಗೆ ಇದು ತಿಳಿದಿರಬೇಕು.

ಇನ್ನು ಬಿ.ಎಡ್.ನ ವಿಚಾರ. 2015ರವರೆಗೆ ಒಂದು ವರ್ಷದ್ದಾಗಿದ್ದ ಈ ವ್ಯಾಸಂಗವು ಅಂದಿನಿಂದ ಎರಡು ವರ್ಷದ್ದಾಯಿತು. ಮೊದಲು ಸೂಕ್ಷ್ಮ ಬೋಧನೆ. ಐದಾರು ನಿಮಿಷಗಳ ಪಾಠ, ಸಹಪಾಠಿಗಳೇ ವಿದ್ಯಾರ್ಥಿಗಳು, ಒಂದೇ ಕೌಶಲದ ಅಭ್ಯಾಸ. ತಪ್ಪಿದರೆ ತಿದ್ದಿಕೊಂಡು ಮತ್ತೆ ಪಾಠ. ಗುರುಮಠದಲ್ಲಿ ನಾವೂ ಸಹಪಾಠಿಗಳ ಮುಂದೆ ಪ್ರಬೋಧನೆ ಮಾಡಿದವರೇ. ಅವರು ನಗು ತಡೆದುಕೊಂಡು ಕುಳಿತಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ! ಅನಂತರ ನಿಜವಾದ ಶಾಲೆಯಲ್ಲಿ ಬೋಧನಾಭ್ಯಾಸ. ಎರಡು ವರ್ಷಗಳಲ್ಲಿ ಒಟ್ಟು ಇಪ್ಪತ್ತು ವಾರಗಳು, ಅದರಲ್ಲಿ ಹದಿನಾರು ವಾರ ಕೊನೆಯ ವರ್ಷದಲ್ಲಿ. ಪಾಠಟಿಪ್ಪಣಿ ಬರೆಯಬೇಕು, ಅನುಭವಿ ಅಧ್ಯಾಪಕರು ಹಿಂದಿನ ಬೆಂಚಿನಲ್ಲಿ ಕುಳಿತು ಗಮನಿಸಬೇಕು. ಹಿಂದಿನ ಸಾಲಿನ ಹುಡುಗನಿಗೆ ಏಕೆ ಅರ್ಥವಾಗಲಿಲ್ಲವೆಂಬುದನ್ನು ಯಾವ ಪುಸ್ತಕವೂ ಹೇಳದು. ಆ ಹುಡುಗನೇ ಹೇಳಬೇಕು.

ಇಲ್ಲಿ ನಮ್ಮದೊಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಹಿಂದೆ ನಾವು ಬೇರೊಂದು ಶಾಲೆಯ ಸಂಚಾಲಕರಾಗಿದ್ದಾಗ ತರಬೇತಿಗೆಂದು ಬಂದ ಯುವಕನೊಬ್ಬನು ಒಂಬತ್ತೇ ದಿನ ಪಾಠ ಮಾಡಿದನು. ಮನೆಯಲ್ಲಿ ಬಡತನ, ಅಂಗಡಿಯಲ್ಲಿ ಕೆಲಸ. ಅವನ ತಾಯಿ ಬಂದು ಕಣ್ಣೀರಿಟ್ಟರು. ಅವನ ಕಾಲೇಜಿನವರೂ ಹೆಚ್ಚು ವಿಚಾರಿಸುವವರಲ್ಲ. ಪೂರ್ಣ ಹಾಜರಾತಿಯ ಪತ್ರಕ್ಕೆ ನಾವು ಸಹಿ ಹಾಕಿದೆವು. ದಯೆಯೆಂದೇ ಭಾವಿಸಿದ್ದೆವು. ಕೆಲವು ವರ್ಷಗಳ ಬಳಿಕ ಕ್ರಿಸ್ಮಸ್ಸಿಗೆ ಬಂದ ಆತ, "ಸ್ವಾಮಿ, ಮೊದಲ ವರ್ಷವೆಲ್ಲ ತರಗತಿಯ ಹೊಸ್ತಿಲು ದಾಟಲು ಕಾಲು ನಡುಗುತ್ತಿತ್ತು. ಹೆದರಿಕೆಗೆ ಮಕ್ಕಳನ್ನು ಹೊಡೆದೆ" ಎಂದನು. ಆ ಮಕ್ಕಳು ಯಾರೋ, ನಾವರಿಯೆವು. ಸಹಿ ಮಾತ್ರ ನಮ್ಮದು.

ಅಧ್ಯಾಪಕರನ್ನು ತಯಾರಿಸುವುದು ನಮ್ಮ ಧರ್ಮಸಭೆಗೆ ಹೊಸತಲ್ಲ. 1870ರಲ್ಲಿ ಮಂಗಳೂರಿಗೆ ಬಂದ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರ ಸಂತ ಆನ್ನರ ಶಿಕ್ಷಣ ಮಹಾವಿದ್ಯಾಲಯವು ಅನೇಕ ತಲೆಮಾರುಗಳ ಶಿಕ್ಷಕಿಯರನ್ನು ನಾಡಿಗೆ ಕೊಟ್ಟಿದೆ. ಮೈಸೂರಿನಲ್ಲಿ 1963ರಲ್ಲಿ ಸ್ಥಾಪಿತವಾದ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯವು ಪದವಿಯನ್ನೂ ತರಬೇತಿಯನ್ನೂ ನಾಲ್ಕು ವರ್ಷಗಳಲ್ಲಿ ಒಟ್ಟಿಗೆ ಕಲಿಸಿ ಮೇಲ್ಪಂಕ್ತಿ ಹಾಕಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದೇ ದಾರಿಯನ್ನು ಸೂಚಿಸಿದೆ. ಹಾಗಾಗಿ ಪಿ.ಯು.ಸಿ. ಓದುತ್ತಿರುವ ಮಕ್ಕಳ ತಂದೆತಾಯಿಗಳು ಈಗಲೇ ವಿಚಾರಿಸುವುದು ಒಳ್ಳೆಯದು.

ಆ ತಂದೆಗೆ ನಮ್ಮ ಉತ್ತರವಿದು: ಚಿಕ್ಕ ಮಕ್ಕಳೇ ಬೇಕೆಂದರೆ ಡಿ.ಎಲ್.ಎಡ್.ಗೆ ಕಳುಹಿಸಿರಿ, ಪದವೀಧರೆಗೆ ಅದು ಕೀಳೆಂದು ನೆರೆಯವರು ಆಡಿಕೊಂಡರೂ ಚಿಂತಿಸಬೇಡಿರಿ. ಪ್ರೌಢಶಾಲೆಯೆಂದರೆ ಬಿ.ಎಡ್.ಗೆ. ಎಲ್ಲಿಗೆ ಸೇರಿಸುವ ಮುನ್ನವೂ, ಅಲ್ಲಿ ಓದಿದವರನ್ನು ಎಷ್ಟು ದಿನ ನಿಜವಾಗಿ ಶಾಲೆಗೆ ಕಳುಹಿಸಿದರೆಂದು ಕೇಳಿರಿ.

ಬರುವ ಸೋಮವಾರ ನಮ್ಮ ಶಾಲೆಗೆ ಮೂವರು ತರಬೇತಿಯವರು ಬರಲಿದ್ದಾರೆ. ಅವರ ಹಾಜರಿ ಪುಸ್ತಕ ಮುಖ್ಯೋಪಾಧ್ಯಾಯಿನಿಯವರ ಮೇಜಿನ ಮೇಲಿರುತ್ತದೆ. ದೂರದಿಂದ ಬರುವ ಒಬ್ಬಾಕೆಗೆ ಮಧ್ಯಾಹ್ನದ ಊಟದ ಏರ್ಪಾಡಾಗಬೇಕು. ಶಾಲೆಯ ಸಮೀಪದ ಮನೆಯವರು ಪೂಜೆಯ ನಂತರ ನಮ್ಮನ್ನು ಕಾಣಬೇಕಾಗಿ ಕೋರುತ್ತೇವೆ.