ತಲೆಯ ಮೇಲಿನ ಕಣ್ಣಿಗೆ ಅಪ್ಪಣೆ ಕೊಟ್ಟವರು ಯಾರು?

(ಗುಂಡ್ಲುಪೇಟೆಯಲ್ಲಿ ತರುಣರ ಮುಂದೆ ಆಡಿದ ಮಾತು)



ಮೈಸೂರು, ಬೆಂಗಳೂರುಗಳಿಂದ ಬೈಕು ಹತ್ತಿ ಬಂದಿದ್ದೀರಿ. ದಾರಿಯುದ್ದಕ್ಕೂ ಸೂರ್ಯಕಾಂತಿ, ಚೆಂಡು ಹೂವಿನ ಹೊಲಗಳನ್ನು ಕಣ್ತುಂಬ ನೋಡಿದ್ದೀರಿ. ಸಂತೋಷ. ಆದರೆ ನಿಮ್ಮಲ್ಲಿ ಕೆಲವರ ಚೀಲದಲ್ಲಿ ಡ್ರೋನ್ ಇದೆ. ಬದುವಿನ ಮೇಲೆ ನಿಂತು ಅದನ್ನು ಹಾರಿಬಿಟ್ಟರೆ ಅದರ ಕಣ್ಣಿಗೆ ಬರೀ ಹೂವು ಬೀಳುತ್ತದೆಯೇ? ಹೂ ಬಿಡಿಸುವ ಹೆಂಗಸರೂ ಬೀಳುತ್ತಾರೆ. ಸೂರಿಲ್ಲದ ತಡಿಕೆಯ ಬಚ್ಚಲೂ ಬೀಳುತ್ತದೆ. ಪೊದೆಯ ಮರೆಗೆ ಹೋದ ಕೂಲಿಯ ಹೆಣ್ಣುಮಗಳೂ ಬೀಳುತ್ತಾಳೆ. ನಮ್ಮ ಹಳ್ಳಿಯ ಮರೆಗಳೆಲ್ಲ ಅಕ್ಕಪಕ್ಕದ ಕಣ್ಣಿಗೆ ಕಟ್ಟಿದ ಮರೆಗಳು. ಮೇಲಿನಿಂದ ನೋಡುತ್ತಿದ್ದುದು ಕಾಗೆ, ಹದ್ದು ಮಾತ್ರ. ಅವು ಪಟ ತೆಗೆದು ಊರಿಗೆಲ್ಲ ಹಂಚುತ್ತಿರಲಿಲ್ಲ!

ಇದೆಲ್ಲ ಸುಮ್ಮನೆ ಹೆದರಿಸುವ ಮಾತು ಎನ್ನಬೇಡಿ. ಉತ್ತರಾಖಂಡದ ಕಾರ್ಬೆಟ್ ಹುಲಿ ಕಾಡಿನ ಅಂಚಿನಲ್ಲಿ ತ್ರಿಶಾಂತ್ ಸಿಮ್ಲಾಯ್ ಎಂಬ ಸಂಶೋಧಕರು 14 ತಿಂಗಳು ಇದ್ದು, 270 ಜನರನ್ನು ಮಾತನಾಡಿಸಿದರು. ಕೇಂಬ್ರಿಜ್ ವಿಶ್ವವಿದ್ಯಾಲಯದ ಆ ಅಧ್ಯಯನ 2024ರಲ್ಲಿ ಹೊರಬಂತು. ಪ್ರಾಣಿಗಳಿಗೆಂದು ತಂದ ಕ್ಯಾಮೆರಾ, ಡ್ರೋನ್‌ಗಳು ಸೌದೆಗೆ ಹೋದ ಹೆಂಗಸರ ಮೇಲೆ ತಿರುಗಿದ್ದವು. ಅವರನ್ನು ಓಡಿಸಲು ಬೇಕೆಂದೇ ತಲೆಯ ಮೇಲೆ ಡ್ರೋನ್ ಹಾರಿಸಿದ್ದರು. ಮರಕ್ಕೆ ಕಟ್ಟಿದ ಕ್ಯಾಮೆರಾದಲ್ಲಿ ಸಿಕ್ಕ ಒಬ್ಬ ಹೆಣ್ಣುಮಗಳ ಚಿತ್ರ ಊರ ಗಂಡಸರ ಫೋನುಗಳಲ್ಲಿ ಹರಿದಾಡಿತು. ಹುಲಿ, ಆನೆ ದೂರವಿರಲೆಂದು ಗಟ್ಟಿಯಾಗಿ ಹಾಡುತ್ತಾ ಹೋಗುತ್ತಿದ್ದ ಹೆಂಗಸರು ಕ್ಯಾಮೆರಾಗೆ ಅಂಜಿ ದನಿ ತಗ್ಗಿಸಿದರು. ಮಾನಕ್ಕೆ ಹೆದರಿದರೆ ಪ್ರಾಣಕ್ಕೆ ಕುತ್ತು!

ನಮ್ಮ ಬಂಡೀಪುರವೂ ಹುಲಿ ಕಾಡೇ. ಇಲ್ಲಿಯ ಕಾಡಂಚಿನಲ್ಲೂ ಸೋಲಿಗರು, ಜೇನುಕುರುಬರು ಇದ್ದಾರೆ. ಊರಿಗೆ ನುಗ್ಗಿದ ಹುಲಿಯನ್ನು ಹುಡುಕಲು ಅರಣ್ಯ ಇಲಾಖೆ ಡ್ರೋನ್ ಹಾರಿಸಿದರೆ ಬೇಡ ಎನ್ನುವವರು ಯಾರೂ ಇಲ್ಲ. ಅದರಿಂದ ಜೀವ ಉಳಿಯುತ್ತದೆ. ಆದರೆ ತೆಗೆದ ಚಿತ್ರ ಯಾರ ಕೈಯಲ್ಲಿದೆ, ಎಷ್ಟು ದಿನ ಇರುತ್ತದೆ ಎಂದು ಕೇಳುವ ಹಕ್ಕು ಹಾಡಿಯ ಜನಕ್ಕೆ ಬೇಡವೇ? ವೀರಪ್ಪನ್ ಬೇಟೆಯ ವರ್ಷಗಳಲ್ಲಿ ಅನುಮಾನದ ಕಣ್ಣಿನ ಕೆಳಗೆ ಬದುಕಿದ ಜಿಲ್ಲೆ ಇದು. ಮತ್ತೊಂದು ಕಣ್ಣು ತಲೆಯ ಮೇಲೆ ಗುಂಯ್‌ಗುಟ್ಟಿದರೆ ಈ ಜನಕ್ಕೆ ಹೇಗಾದೀತು, ನೀವೇ ಯೋಚಿಸಿ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 24 ಆಗಸ್ಟ್ 2017ರಂದು ತೀರ್ಪು ಕೊಟ್ಟರು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಇಡೀ ದೇಶಕ್ಕೆ ಹಕ್ಕು ಗೆದ್ದುಕೊಟ್ಟವರು ನಮ್ಮವರು! ನಾಲ್ಕು ವರ್ಷದ ಬಳಿಕ, 2021ರಲ್ಲಿ, ಕೇಂದ್ರದ ಡ್ರೋನ್ ನಿಯಮಗಳು ಬಂದವು. ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಿಸಬಹುದು. 2 ಕಿಲೋವರೆಗಿನ ಡ್ರೋನನ್ನು ದುಡಿಮೆಗಲ್ಲದೆ ಹಾರಿಸುವವನಿಗೆ ಪೈಲಟ್ ಲೈಸೆನ್ಸು ಬೇಕಿಲ್ಲ. ನಿಯಮ ಮುರಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಸರಿ. ಆದರೆ 400 ಅಡಿಯ ಲೆಕ್ಕ ವಿಮಾನಕ್ಕೆ ತೊಡಕಾಗದಿರಲೆಂದು. ಬಚ್ಚಲಿನಿಂದ ಎಷ್ಟು ಅಡಿ ದೂರವಿರಬೇಕು ಎಂಬ ಅಳತೆ ಅಲ್ಲಿಲ್ಲ.

ಇನ್ನು ಈ ನಿಯಮಗಳು ರಾಜ್ಯಪತ್ರದಲ್ಲಿ ಅಚ್ಚಾದದ್ದು ಹಿಂದಿ, ಇಂಗ್ಲಿಷಿನಲ್ಲಿ. ತೆರಕಣಾಂಬಿಯ ರೈತ, ಬೇಗೂರಿನ ತಾಯಿ ತಮ್ಮ ತಲೆಯ ಮೇಲಿನ ಕಾನೂನನ್ನು ಯಾವ ಭಾಷೆಯಲ್ಲಿ ಓದಿಕೊಳ್ಳಬೇಕು? ಅರ್ಥವಾಗದ ಕಾನೂನು ಇದ್ದರೂ ಇಲ್ಲದಂತೆಯೇ.

ಹಾರಿದ್ದು ಬೀಳುತ್ತದೆ ಎಂಬುದನ್ನೂ ಮರೆಯಬೇಡಿ. 20 ಆಗಸ್ಟ್ 2023ರಂದು ಡಿಆರ್‌ಡಿಒದ ‘ತಪಸ್’ ಎಂಬ ಪೈಲಟ್ ಇಲ್ಲದ ದೊಡ್ಡ ವಿಮಾನ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಪರಿಣತರ ಕೈಯಲ್ಲಿದ್ದುದೇ ಬಿದ್ದಿತು. ಜಾತ್ರೆಯ ಜನರ ಮೇಲೆ, ಮದುವೆಯ ಚಪ್ಪರದ ಮೇಲೆ ನೀವು ಹಾರಿಸುವುದರ ಬ್ಯಾಟರಿ ಮುಗಿದರೆ ಅದರ ರೆಕ್ಕೆ ಮಗುವಿನ ಕಣ್ಣನ್ನು ಬಿಟ್ಟೀತೇ?

ನಾವು ಕೇಳುವುದು ದೊಡ್ಡದೇನಲ್ಲ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಮನೆಜಾಗಗಳನ್ನು ಡ್ರೋನಿನಿಂದ ಅಳೆಯುವ ಮೊದಲು ಗ್ರಾಮಸಭೆಯಲ್ಲಿ ತಿಳಿಸಿ, ಸುಣ್ಣದ ಗೆರೆ ಎಳೆಯುವ ಕ್ರಮವಿದೆ. ಅಳೆಯಲು ಬರುವವನಿಗೆ ಇರುವ ಮರ್ಯಾದೆ ಚಿತ್ರ ತೆಗೆಯಲು ಬರುವವನಿಗೂ ಇರಲಿ. ಡ್ರೋನ್ ನಿಯಮಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ. ಇಲಾಖೆ ಹಾರಿಸುವಾಗ ಮೊದಲೇ ಡಂಗುರ ಹೊಡೆಸಲಿ.

ಹೆಣ್ಣುಮಕ್ಕಳಿಗೆ ಒಂದು ಮಾತು. ಮರೆಯಲ್ಲಿರುವ ಹೆಣ್ಣಿನ ಚಿತ್ರ ಕದ್ದು ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಸೆರೆ. ಅದನ್ನು ತೆಗೆದದ್ದು ಕೈಯೋ ಡ್ರೋನೋ ಎಂಬ ಭೇದವಿಲ್ಲ. ನಾಚಿ ಸುಮ್ಮನಿರಬೇಡಿ, 112ಕ್ಕೆ ಫೋನು ಮಾಡಿ, ದೂರು ಕೊಡಿ. ದೂರನ್ನು ಕನ್ನಡದಲ್ಲೇ ಬರೆಯಿರಿ.

ತರುಣರೇ, ಇವತ್ತು ವಾಪಸು ಹೋಗುವಾಗ ಮತ್ತೆ ಆ ಹೂವಿನ ಹೊಲ ಸಿಗುತ್ತದೆ. ಡ್ರೋನನ್ನು ಚೀಲದಲ್ಲೇ ಇಡಿ. ಮೊದಲು ಹೊಲಕ್ಕೆ ಇಳಿದು, ‘ಅಕ್ಕಾ, ಒಂದು ಚಿತ್ರ ತೆಗೆದುಕೊಳ್ಳಲೇ?’ ಎಂದು ಕೇಳಿ. ಬೇಡ ಎಂದರೆ ಕೈಮುಗಿದು ಹೊರಟುಬಿಡಿ. ಕನ್ನಡಿಗನ ಮಾನ ಕಾಯುತ್ತೇವೆ ಎಂದು ಘೋಷಣೆ ಕೂಗುವ ನಾವು ಮೊದಲು ಕಾಯಬೇಕಾದದ್ದು ಆ ಅಕ್ಕನ ಮಾನವನ್ನು.