ಹೊಸ ತರಗತಿಯ ಮೊದಲ ಪ್ರಶ್ನೆ

(ಗುಡೇಮಾರನಹಳ್ಳಿಯಲ್ಲಿ ಕೂಡಿದ ಭಕ್ತರ ಸಭೆಯಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರು ಮಾಡಿದ ಭಾಷಣ)

 

ಮಠದ ಮಹೋತ್ಸವದ ಅಂಗವಾಗಿ ಈ ಗುಡೇಮಾರನಹಳ್ಳಿಯಲ್ಲಿ ಕೂಡಿರುವ ಸಭೆಯಲ್ಲಿ, ವಿದ್ಯಾವಿಷಯವಾಗಿ ನಾಲ್ಕು ಮಾತುಗಳನ್ನು ಅರಿಕೆ ಮಾಡಬೇಕೆಂದು ನನಗೆ ಅಪ್ಪಣೆಯಾಗಿರುವುದು. ನಾನು ಪಂಡಿತನಲ್ಲ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಾಗಡಿ ಸೀಮೆಯ ಹಳ್ಳಿಗಳ ಮಾಧ್ಯಮಿಕ ಶಾಲೆಗಳಲ್ಲಿ ಚರಿತ್ರೆ, ಭೂಗೋಳ, ಪೌರನೀತಿ ಇವು ಮೂರನ್ನೂ ಒಳಗೊಂಡ ಸಮಾಜಪಾಠವನ್ನು ಹೇಳಿಕೊಟ್ಟವನು. ಆದುದರಿಂದ ವಿದ್ಯೆಯ ಮಹಿಮೆಯನ್ನು ಕೊಂಡಾಡುವ ಕೆಲಸವನ್ನು ಬಲ್ಲವರಿಗೆ ಬಿಟ್ಟು, ನನಗೆ ಅನುಭವವಿರುವ ಒಂದು ಸಣ್ಣ ಸಂಗತಿಯನ್ನು ಮಾತ್ರ ತಮ್ಮ ಮುಂದಿಡುತ್ತೇನೆ. ಬೇಸಗೆಯ ರಜೆ ಕಳೆದು ಶಾಲೆಯ ಬಾಗಿಲು ತೆರೆದ ದಿನ, ಆರನೆಯ ತರಗತಿಗೆ ಬಂದು ಕುಳಿತ ಮಕ್ಕಳನ್ನು ಸಮಾಜಪಾಠದ ಉಪಾಧ್ಯಾಯನು ಮೊದಲು ಏನೆಂದು ಕೇಳಬೇಕು? ಇದೇ ಆ ಸಂಗತಿ. ಇಷ್ಟಕ್ಕೊಂದು ಭಾಷಣವೇ ಎಂದು ತಾವು ನಗಬಹುದು. ನಾನೂ ಒಂದು ಕಾಲದಲ್ಲಿ ಹಾಗೆಯೇ ಎಣಿಸಿದ್ದೆನು.

ನಮ್ಮ ಕಡೆ ಶಾಲೆ ತೆರೆಯುವುದು ಮೇ ತಿಂಗಳ ಕಡೆಯಲ್ಲಿ, ರೋಹಿಣಿ ಮಳೆಯ ಹೊತ್ತಿಗೆ. ಹೊಲದಲ್ಲಿ ಉಳುಮೆ, ತೋಪಿನಲ್ಲಿ ಮಾವಿನ ಕಾವಲು, ನೆಂಟರಿಷ್ಟರಲ್ಲಿ ಕಡೆಯ ಮದುವೆಗಳು. ರೇಷ್ಮೆ ಸಾಕುವ ಮನೆಯಲ್ಲಿ ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವ ದಿನವೂ ಅದೇ ವಾರದಲ್ಲಿ ಬಂದೊದಗಿದರೆ, ಮನೆಯ ಮಕ್ಕಳೆಲ್ಲರೂ ಹುಳುವಿನ ಮನೆಯಲ್ಲಿಯೇ. ಹೀಗಾಗಿ ಮೊದಲ ದಿನ ತರಗತಿಯಲ್ಲಿ ಅರ್ಧ ಮಕ್ಕಳಿದ್ದರೆ ಹೆಚ್ಚು. ಬಂದವರಿಗೆ ಹಿಂದಿನ ವರ್ಷದ ಪಾಠ ಎಷ್ಟು ಉಳಿದಿದೆಯೆಂದು ನೋಡಿ ಸರಿಪಡಿಸುವ ಕ್ರಮಕ್ಕೆ ಇಲಾಖೆಯವರು ಸೇತುಬಂಧವೆಂದು ಹೆಸರಿಟ್ಟಿರುವರು. ಹೆಸರೇನೋ ಸೊಗಸಾಗಿದೆ. ಆದರೆ ಆರನೆಯ ತರಗತಿಯ ಮಗುವಿಗೆ ಸೇತುವೆಯ ಆಚೆಯ ದಡವೇ ಹೊಸದು. ಐದನೆಯವರೆಗೆ ಪರಿಸರ ಅಧ್ಯಯನವೆಂಬ ಒಂದೇ ಪುಸ್ತಕದಲ್ಲಿ ಗಿಡ, ದನ, ಅಂಚೆಯವನು, ಹೊಳೆ ಎಲ್ಲವೂ ಕೂಡಿ ಬರುತ್ತವೆ. ಆರನೆಯದರಲ್ಲಿ ಸಮಾಜ ವಿಜ್ಞಾನವು ಬೇರೆಯಾಗಿ ನಿಲ್ಲುತ್ತದೆ. ಇಸವಿಗಳು, ರಾಜರು, ಅಕ್ಷಾಂಶ ರೇಖಾಂಶಗಳು ಒಟ್ಟಿಗೆ ಮೇಲೆ ಬೀಳುತ್ತವೆ. ಈ ಪಾಠವು ತನ್ನ ಊರಿಗೆ ಸೇರಿದ್ದೋ ಇನ್ನಾರದೋ ಊರಿಗೆ ಸೇರಿದ್ದೋ ಎಂಬುದನ್ನು ಮಗುವು ಮೊದಲ ಎರಡು ಮೂರು ದಿನಗಳಲ್ಲಿಯೇ ಮನಸ್ಸಿನಲ್ಲಿ ನಿಶ್ಚಯಿಸಿಕೊಳ್ಳುತ್ತದೆ. ಒಮ್ಮೆ ನಿಶ್ಚಯವಾದ ಮೇಲೆ ಅದನ್ನು ತಿದ್ದುವುದು ಬಹು ಕಷ್ಟ.

ಈಗ ನನ್ನ ತಪ್ಪನ್ನು ಹೇಳಬೇಕು. ಅದು 1979ನೆಯ ಇಸವಿ. ನಾನು ಹೊಸದಾಗಿ ಕೆಲಸಕ್ಕೆ ಸೇರಿದವನು. ಊರಿನ ಹೆಸರು ಬೇಡ. ಸಮಾಜಪಾಠವೆಂದ ಮೇಲೆ ಸಮಾಜದಿಂದಲೇ ಆರಂಭವಾಗಲೆಂದು, ಒಬ್ಬೊಬ್ಬರೇ ಎದ್ದು ನಿಂತು ತಮ್ಮ ಹೆಸರು, ತಂದೆಯ ಹೆಸರು, ತಂದೆಯ ಕಸುಬು ಇವನ್ನು ಹೇಳಬೇಕೆಂದು ಅಪ್ಪಣೆ ಮಾಡಿದೆನು. ಮುಂದಿನ ಸಾಲಿನ ಮಕ್ಕಳು ಗಟ್ಟಿಯಾಗಿ ಹೇಳಿದರು. ಬೇಸಾಯ, ಅಂಗಡಿ, ಶಾನುಭೋಗಿಕೆಯ ಮನೆತನ, ಪೂಜೆ, ಬಡಗಿಯ ಕೆಲಸ. ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿದ್ದ ಹುಡುಗನ ಸರದಿ ಬಂದಾಗ ಅವನು ಎದ್ದು ನಿಂತನು, ಮಾತಾಡಲಿಲ್ಲ. ನಾನು ಎರಡನೆಯ ಬಾರಿ ಕೇಳಿದೆನು. ಮುಂದಿನ ಸಾಲಿನಿಂದ ಯಾರೋ ಅವನ ಪರವಾಗಿ ಉತ್ತರ ಕೊಟ್ಟರು: ಅವನ ತಂದೆ ಊರಿನಲ್ಲಿ ಸತ್ತ ದನಗಳನ್ನು ಸಾಗಿಸುವವನು. ತರಗತಿ ನಕ್ಕಿತು. ನಾನು ನಕ್ಕವರನ್ನು ಗದರಿಸಿ, ಎಲ್ಲ ಕಸುಬುಗಳೂ ಸಮಾನವೆಂದು ಒಂದು ಸಣ್ಣ ಉಪದೇಶ ಮಾಡಿ, ಪಾಠ ಚೆನ್ನಾಗಿ ಆಯಿತೆಂದೇ ತಿಳಿದು ಮನೆಗೆ ಹೋದೆನು.

ಮರುದಿನ ಆ ಹುಡುಗನು ಬರಲಿಲ್ಲ. ಒಂದು ವಾರ ಕಳೆದು ವಿಚಾರಿಸಲಾಗಿ, ಅವನನ್ನು ಜೀತಕ್ಕೆ ಬಿಟ್ಟಿರುವರೆಂದು ತಿಳಿಯಬಂದಿತು. ಹೇಗೂ ಶಾಲೆಗೆ ಹೋಗಲೊಲ್ಲೆನೆಂದು ಹಟ ಹಿಡಿದವನು ಮನೆಯಲ್ಲಿ ಕುಳಿತು ಉಣ್ಣುವುದೇಕೆ ಎಂಬುದು ತಂದೆಯ ಲೆಕ್ಕ. ಹಳೆಯ ಸಾಲವೂ ಇದ್ದಿತು. ಜೀತಪದ್ಧತಿಯನ್ನು ರದ್ದುಪಡಿಸಿ ದೇಶಕ್ಕೆಲ್ಲ ಶಾಸನವಾದದ್ದು 1976ರಲ್ಲಿ. ಅದನ್ನು ನಾನು ಪರೀಕ್ಷೆಗೆ ಓದಿದ್ದೆನು.

ಅವನಿದ್ದ ಮನೆಯನ್ನು ಹುಡುಕಿಕೊಂಡು ಹೋದೆನು. ಅದು ನಮ್ಮಂತಹವರದೇ ಮನೆ. ಜಗಲಿಯ ಮೇಲೆ ವಿಭೂತಿ ಧರಿಸಿ ಕುಳಿತಿದ್ದ ಯಜಮಾನರು ಸಜ್ಜನರೆಂದೇ ಹೆಸರಾದವರು. “ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ” ಎಂದು ಹಾಲು ತರಿಸಿದರು. ಹುಡುಗನ ಮಾತೆತ್ತಿದಾಗ, “ನಾವೇನು ಕಟ್ಟಿ ಹಾಕಿದ್ದೇವೆಯೇ? ಕರೆದುಕೊಂಡು ಹೋಗಿ” ಎಂದರು. ಸುಳ್ಳಾಡುವ ಧ್ವನಿಯಲ್ಲ, ಅವರಿಗೆ ಅದರಲ್ಲಿ ಏನೂ ತಪ್ಪು ಕಾಣಿಸಿರಲಿಲ್ಲ. ಹುಡುಗನು ಕೊಟ್ಟಿಗೆಯಿಂದ ಬಂದು ಅಂಗಳದ ಅಂಚಿನಲ್ಲಿ ನಿಂತನು. ನಾನು ಶಾಲೆಗೆ ಬಾರೆಂದೆನು. ನೆಲ ನೋಡುತ್ತ, “ನಾಳೆ ಬತ್ತೀನಿ ಸಾ” ಎಂದನು. ಅವನು ಬರಲಿಲ್ಲ. ನಾನೂ ಮತ್ತೆ ಹೋಗಲಿಲ್ಲ. ಹಾಲು ಕುಡಿದು ಬಂದ ಮನೆಯವರ ಮೇಲೆ ತಾಲ್ಲೂಕು ಕಚೇರಿಯಲ್ಲಿ ದೂರು ಕೊಡುವಷ್ಟು ಧೈರ್ಯ ನನಗೆ ಅಂದು ಇರಲಿಲ್ಲ.

ಮಹಾಶಯರೇ, ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿದ್ದು ಬಸವಣ್ಣನವರು ಯಾವ ಪ್ರಶ್ನೆಯನ್ನು ಕೇಳಬೇಡಿರೆಂದರೋ, ಅದನ್ನೇ ನಾನು ಮಗುವನ್ನು ನಿಲ್ಲಿಸಿ ಎರಡು ಬಾರಿ ಕೇಳಿದ್ದೆನು. ಆ ವಚನವು ನನಗೆ ಬಾಯಿಪಾಠವಾಗಿತ್ತು. ನಮ್ಮ ಮನೆಯಲ್ಲಿ ದಿನವೂ ಹೇಳುತ್ತಿದ್ದರು. ಬಾಯಿಪಾಠವಾದದ್ದು ತರಗತಿಯ ಬಾಗಿಲಿನವರೆಗೂ ನನ್ನೊಡನೆ ಬಂದಿರಲಿಲ್ಲ.

ಮುಂದಿನ ವರ್ಷದಿಂದ ನಾನು ಪ್ರಶ್ನೆಯನ್ನು ಬದಲಾಯಿಸಿದೆನು. “ಈ ದಿನ ಬೆಳಿಗ್ಗೆ ನೀವು ಮುಖ ತೊಳೆದ ನೀರು ಎಲ್ಲಿಂದ ಬಂದಿತು?” ಇದಕ್ಕೆ ಉತ್ತರವಿಲ್ಲದ ಮಗುವಿಲ್ಲ. ಬಾವಿ, ಕೊಳವೆಬಾವಿ, ಕೆರೆಯ ಕೆಳಗಿನ ತಲಪರಿಗೆ. ಸರಿ, ಕೆರೆಗೆ ಎಲ್ಲಿಂದ ಬಂದಿತು, ಕೋಡಿ ಬಿದ್ದರೆ ಎಲ್ಲಿಗೆ ಹೋಗುತ್ತದೆ? ಹೀಗೆ ಕೇಳುತ್ತ ಹೋದರೆ ಅರ್ಧ ಗಂಟೆಯೊಳಗಾಗಿ ಕಪ್ಪು ಹಲಗೆಯ ಮೇಲೆ ಒಂದು ಸೀಮೆಯ ನಕ್ಷೆಯೇ ನಿಲ್ಲುತ್ತದೆ. ಶಿವಗಂಗೆಯ ಬೆಟ್ಟದ ಕಡೆಯಿಂದ ಇಳಿಯುವ ಕುಮುದ್ವತಿ, ನಂದಿಬೆಟ್ಟದಿಂದ ಬರುವ ಅರ್ಕಾವತಿ, ಇವೆರಡೂ ಕೂಡುವ ತಿಪ್ಪಗೊಂಡನಹಳ್ಳಿ. ಅಲ್ಲಿ 1933ರಲ್ಲಿ ಜಲಾಶಯವಾಯಿತು. 1974ರಲ್ಲಿ ಕಾವೇರಿಯ ನೀರು ಬರುವವರೆಗೆ ಬೆಂಗಳೂರು ನಗರವು ಬಹುಮಟ್ಟಿಗೆ ಕುಡಿದದ್ದು ಈ ನೀರನ್ನೇ. ಅಲ್ಲಿಂದ ಮುಂದೆ ಮಂಚನಬೆಲೆ, ರಾಮನಗರ, ಕನಕಪುರಗಳನ್ನು ಹಾದು ಅರ್ಕಾವತಿಯು ಸಂಗಮದಲ್ಲಿ ಕಾವೇರಿಯನ್ನು ಸೇರುವುದು. ನಮ್ಮ ಊರಿನ ಮೇಲೆ ಬಿದ್ದ ಮಳೆಯನ್ನು ನಗರದವರು ಕುಡಿದರೆಂದು ತಿಳಿದಾಗ ಮಕ್ಕಳ ಮುಖದಲ್ಲಿ ಕಾಣುವ ಹೆಮ್ಮೆಯನ್ನು ತಾವು ನೋಡಬೇಕು. ಹಿಂದೆಯೇ ಒಂದು ಮಗು, “ಹಾಗಾದರೆ ಈಗ ಆ ಹೊಳೆಯಲ್ಲಿ ನೊರೆ ಏಕೆ ಸಾರ್?” ಎಂದು ಕೇಳುತ್ತದೆ. ಭೂಗೋಳವು ಅಲ್ಲಿಗೆ ಪೌರನೀತಿಯಾಯಿತು.

ಈ ಪ್ರಶ್ನೆಯೂ ನಾನೆಣಿಸಿದಷ್ಟು ನಿರುಪದ್ರವಿಯಾಗಿರಲಿಲ್ಲವೆನ್ನಿ. ಒಂದು ವರ್ಷ ಮಕ್ಕಳು ಎರಡು ಬಾವಿಗಳ ಹೆಸರು ಹೇಳಿದರು. ಒಂದೇ ಊರಿಗೆ ಎರಡೇಕೆ ಎಂದು ನಾನು ಕೇಳಲಿಲ್ಲ. ಅವರಾಗಿಯೇ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ಸುಮ್ಮನಾದರು. ಆದರೆ ಈ ಬಾರಿ ಯಾರನ್ನೂ ಎದ್ದು ನಿಲ್ಲಿಸಿರಲಿಲ್ಲ. ಪ್ರಶ್ನೆಯು ಮಗುವಿನ ಮೇಲಲ್ಲ, ಬಾವಿಗಳ ಮೇಲೆ ನಿಂತಿತ್ತು. ಕೆಲವು ತಿಂಗಳುಗಳ ಮೇಲೆ, ಅಸ್ಪೃಶ್ಯತೆಯನ್ನು ನಿಷೇಧಿಸುವ ಸಂವಿಧಾನದ 17ನೆಯ ವಿಧಿಯನ್ನು ಹೇಳುವಾಗ ಅದೇ ಮಕ್ಕಳಲ್ಲಿ ಒಬ್ಬಳು ಬಾವಿಯ ಮಾತನ್ನು ತಾನಾಗಿಯೇ ಎತ್ತಿದಳು. 1950ರಿಂದ ಜಾರಿಯಲ್ಲಿರುವ ವಿಧಿಯು ನಮ್ಮೂರಿಗೆ ಯಾವಾಗ ಬರುತ್ತದೆ ಎಂಬುದು ಅವಳ ಪ್ರಶ್ನೆ. ನನ್ನಲ್ಲಿ ಉತ್ತರವಿರಲಿಲ್ಲ. ಶಾಲಾ ಸಮಿತಿಯ ಮುಂದೆ ಅದನ್ನಿಟ್ಟೆನು. ಅಷ್ಟರಮಟ್ಟಿಗಾದರೂ ಹಿಂದಿಗಿಂತ ಧೈರ್ಯ ಬಂದಿತ್ತು.

ಎರಡನೆಯ ದಿನದ ಪಾಠವು ವಿಳಾಸದ್ದು. ಮನೆಯಲ್ಲಿರುವ ಹಳೆಯ ಕಾಗದಗಳನ್ನು ನೋಡಿ ಅಜ್ಜ, ತಂದೆ, ಅಣ್ಣ, ತಾನು ಹುಟ್ಟಿದ್ದು ಯಾವ ರಾಜ್ಯದ ಯಾವ ಜಿಲ್ಲೆಯಲ್ಲೆಂದು ಬರೆದು ತರಬೇಕು. ಅಜ್ಜನು ಮೈಸೂರು ಸಂಸ್ಥಾನದ ಬೆಂಗಳೂರು ಜಿಲ್ಲೆಯಲ್ಲಿ ಹುಟ್ಟಿದವನು. ತಂದೆ ಹುಟ್ಟಿದಾಗ, 1956ರ ಏಕೀಕರಣದಿಂದ ಹಿಗ್ಗಿದ ರಾಜ್ಯಕ್ಕೆ ಮೈಸೂರೆಂಬ ಹೆಸರೇ ಇದ್ದಿತು, ಕರ್ನಾಟಕವೆಂದಾದದ್ದು 1973ರಲ್ಲಿ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಾಯಿತು, ಅಣ್ಣನು ಅದರವನು. 2007ರಲ್ಲಿ ರಾಮನಗರ ಜಿಲ್ಲೆಯಾಯಿತು, ಕಿರಿಯವನು ಅದರವನು. ನಾನು ನಿವೃತ್ತನಾದ ಮೇಲೆ, 2025ರಲ್ಲಿ, ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಿಡಲು ಸಚಿವ ಸಂಪುಟವು ತೀರ್ಮಾನಿಸಿತು. ನಾಲ್ವರೂ ಒಂದೇ ಮನೆಯ ಒಂದೇ ಕೋಣೆಯಲ್ಲಿ ಹುಟ್ಟಿದವರು! ರಾಜ್ಯ, ಜಿಲ್ಲೆಗಳೆಂಬುವು ಬೆಟ್ಟಗುಡ್ಡಗಳಂತೆ ಹುಟ್ಟಿಬಂದವಲ್ಲ, ಮನುಷ್ಯರು ಕೂಡಿ ವಿಚಾರಿಸಿ ಮಾಡಿಕೊಂಡವು ಎಂಬುದನ್ನು ತಿಳಿಸಲು ನನಗೆ ಇದಕ್ಕಿಂತ ಸುಲಭವಾದ ದಾರಿ ದೊರೆಯಲಿಲ್ಲ.

ಚರಿತ್ರೆಯ ವಿಷಯದಲ್ಲಿ ಒಂದೇ ಮಾತು. ಬೆಂಗಳೂರನ್ನು 1537ರಲ್ಲಿ ಕಟ್ಟಿದ ಕೆಂಪೇಗೌಡರ ಸಮಾಧಿಯು ನಮ್ಮ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿರುವುದೆಂದು ಶಾಸನದಿಂದ ಗುರುತಾದದ್ದು 2015ರಲ್ಲಿ. ಆ ಕಲ್ಲಿನ ಗೋಪುರವು ಅಷ್ಟು ಕಾಲವೂ ಅಲ್ಲಿಯೇ ನಿಂತಿತ್ತು. ಊರವರು ದಿನವೂ ನೋಡುತ್ತಿದ್ದರು. ಓದುವ ಕಣ್ಣು ಬೀಳಬೇಕಾಗಿತ್ತು, ಅಷ್ಟೆ. ಆದುದರಿಂದ ಮಕ್ಕಳು ಬಂದು ತೋಪಿನ ಕಲ್ಲನ್ನೋ ಊರಬಾಗಿಲಿನ ವೀರಗಲ್ಲನ್ನೋ ತೋರಿಸಿ ಏನೆಂದು ಕೇಳಿದರೆ, “ಏನೋ ಹಳೇ ಕಲ್ಲು, ಹೋಗು” ಎನ್ನಬೇಡಿರೆಂದು ಹಿರಿಯರಲ್ಲಿ ನನ್ನ ಬಿನ್ನಹ.

ಇನ್ನು ತಮ್ಮಿಂದ ಆಗಬೇಕಾದ ಕೆಲಸ. ಶಾಲೆ ತೆರೆಯುವ ಮೊದಲ ವಾರದಲ್ಲಿ ಮಕ್ಕಳನ್ನು ಹುಳುವಿನ ಮನೆಗೂ ಮಾವಿನ ತೋಪಿಗೂ ನಿಲ್ಲಿಸಿಕೊಳ್ಳಬೇಡಿರಿ. ಹದಿನೈದು ದಿನ ತಡವಾಗಿ ಬಂದ ಮಗುವು ಪಾಠವನ್ನು ಹಿಡಿಯಬಲ್ಲದು. ಆದರೆ ಸ್ಥಳಗಳೆಲ್ಲ ತುಂಬಿದ ತರಗತಿಗೆ ಹೊರಗಿನವನಂತೆ ಬಂದು ಕೂರುತ್ತದೆ. ಎರಡನೆಯದಾಗಿ, ತಮ್ಮ ಮನೆಯಲ್ಲಿ ಕೆಲಸಕ್ಕಿರುವವರ ಮಕ್ಕಳು ಆ ದಿನ ಎಲ್ಲಿರುವರೆಂದು ಒಮ್ಮೆ ನೋಡಿರಿ. ಇದೇ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿ, ಓದಿಗಾಗಿ ನಾಗವಲ್ಲಿಗೆ ಹೋದ ಬಾಲಕನೊಬ್ಬನು ಮುಂದೆ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳಾಗಿ, ಯಾವ ಜಾತಿಯ ಮಗುವೇ ಬರಲಿ ಅನ್ನವಿಟ್ಟು ಓದಿಸಿದ್ದನ್ನು ತಾವು ಕಂಡಿದ್ದೀರಿ. 2002ರಲ್ಲಿ ಸರ್ಕಾರವು ಶಾಲೆಯ ಮಧ್ಯಾಹ್ನದ ಊಟವನ್ನು ಆರಂಭಿಸಿದಾಗ ಅದಕ್ಕೆ ಅಕ್ಷರ ದಾಸೋಹವೆಂದು ಹೆಸರಿಟ್ಟಿತು. ಹೆಸರು ನಮ್ಮ ಮನೆಯದು. ಆ ಊಟದ ಸಾಲಿನಲ್ಲಿ ಯಾರು ಯಾರ ಪಕ್ಕದಲ್ಲಿ ಕೂರುತ್ತಾರೆಂಬುದನ್ನು ತಾವು ಒಂದು ದಿನ ಹೋಗಿ ನೋಡಿ ಬರಬಹುದು, ಬಾಗಿಲು ತೆರೆದಿರುತ್ತದೆ.

ಆ ಹುಡುಗನ ಕಥೆ ಏನಾಯಿತೆಂದು ತಾವು ಕೇಳುವಿರಿ. 2005ರ ಜೂನ್ ತಿಂಗಳಲ್ಲಿ, ಆಗ ನಾನಿದ್ದ ಶಾಲೆಯ ಆರನೆಯ ತರಗತಿಗೆ ತನ್ನ ಮಗಳನ್ನು ಸೇರಿಸಲು ಒಬ್ಬನು ಬಂದನು. ನಾನು ಗುರುತು ಹಿಡಿಯಲಿಲ್ಲ, ಅವನು ಹಿಡಿದನು. ಅರ್ಜಿಯನ್ನು ತುಂಬಿ ಕೊಡಬೇಕೆಂದು ನನ್ನ ಕೈಗಿತ್ತನು. ತಂದೆಯ ಕಸುಬು ಎಂಬ ಕಡೆಗೆ ಬಂದಾಗ ನಾನು ಅವನನ್ನು ಕೇಳಲು ನಾಚಿ, ಸುಮ್ಮನೆ ಕೂಲಿ ಎಂದು ಬರೆದೆನು. ಅವನು ಬಗ್ಗಿ ನೋಡಿ, “ಹಂಗಲ್ಲ ಸಾ, ಬೇಸಾಯ ಅಂತ ಬರೀರಿ. ಒಂದೆಕರೆ ಮಂಜೂರಾಗೈತೆ” ಎಂದನು. ಹೊಡೆದುಹಾಕಿ ಬೇಸಾಯವೆಂದು ಬರೆದೆನು. ಓದು ಬಾರದವನಿಗೆ ಆ ಅಕ್ಷರಗಳು ಹೇಗೆ ತಿಳಿದವೆಂದು ಸಂಜೆಯವರೆಗೂ ಯೋಚಿಸಿ, ಮಗಳನ್ನು ಕೇಳಿದೆನು. ಅವಳು ಮನೆಯಲ್ಲಿ ಹೇಳಿಕೊಟ್ಟಿದ್ದಳಂತೆ.